ಗಣಿ ಕಂಪನಿಯ ‘ನಿಕ್ಷೇಪ’ದ ಲೆಕ್ಕ ಓದುವುದು ಹೇಗೆ? ಷೇರು ಕೊಳ್ಳುವ ಮುನ್ನ ಎಂಟು ಹಂತಗಳು

“ಈ ಕಂಪನಿಯ ಬಳಿ 30 ಲಕ್ಷ ಔನ್ಸ್ ಚಿನ್ನ ಇದೆಯಂತೆ. ಆದರೂ ಷೇರು ಇಷ್ಟು ಅಗ್ಗಕ್ಕೆ ಸಿಗುತ್ತಿರುವುದು ಏಕೆ?” ಟೊರಾಂಟೊದಲ್ಲಿ ನೆಲೆಸಿದ ಓದುಗರು ಕೇಳುತ್ತಾರೆ, ಪರ್ತ್‌ನಲ್ಲಿರುವವರು ಕೇಳುತ್ತಾರೆ, ಬೆಂಗಳೂರಿನಲ್ಲಿ ಕುಳಿತು ಆ್ಯಪ್ ಮೂಲಕ ವಿದೇಶಿ ಷೇರು ಕೊಳ್ಳುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಒಮ್ಮೆಗೇ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಗೊಂದಲದ ಅರ್ಧ ಭಾಗ ನಮ್ಮ ಭಾಷೆಯದೇ. ನೆಲದಡಿ ಖನಿಜ ಇದೆ ಎಂಬ ಊಹೆಗೂ ‘ನಿಕ್ಷೇಪ’, ಕೊರೆದು ಅಳೆದು ಅಂದಾಜಿಸಿದ ಮೊತ್ತಕ್ಕೂ ‘ನಿಕ್ಷೇಪ’, ಲಾಭಕ್ಕೆ ತೆಗೆಯಬಹುದು ಎಂದು ತಜ್ಞರು ಲೆಕ್ಕ ಹಾಕಿ ಸಹಿ ಮಾಡಿದ ಭಾಗಕ್ಕೂ ‘ನಿಕ್ಷೇಪ’ ಎಂದೇ ಪತ್ರಿಕೆಗಳು ಬರೆಯುತ್ತವೆ. ಷೇರುಪೇಟೆಯ ನಿಯಮಗಳು ಈ ಮೂರನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತವೆ. ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚುವ ಕಂಪನಿ ನಿಯಂತ್ರಕರಿಗೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಿಕ್ಷೇಪ ಎಂಬ ಪದವನ್ನು ಪಕ್ಕಕ್ಕಿಟ್ಟು, ಉದ್ಯಮದವರು ಆಡುವ ‘ರಿಸೋರ್ಸ್’ (ಕೊರೆದು ಅಳೆದು ಅಂದಾಜಿಸಿದ ಮೊತ್ತ) ಮತ್ತು ‘ರಿಸರ್ವ್’ (ಅದರಲ್ಲಿ ಲಾಭಕ್ಕೆ ತೆಗೆಯಬಹುದಾದ ಭಾಗ) ಎಂಬ ಪದಗಳನ್ನೇ ಬಳಸುತ್ತೇನೆ. ಅವುಗಳ ವಿವರ ಎರಡನೆಯ ಹಂತದಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ: ಯಾವ ಷೇರು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕಂಪನಿ ಕೊಟ್ಟ ಕಾಗದ ಓದುವುದನ್ನು ಮಾತ್ರ ಹೇಳಿಕೊಡುತ್ತೇನೆ.

ಬೇಕಾಗುವ ಸಾಮಗ್ರಿ ಕಡಿಮೆ. ಕಂಪನಿಯ ಇತ್ತೀಚಿನ ಪ್ರಕಟಣೆ, ಅದರ ಹಿಂದಿರುವ ತಾಂತ್ರಿಕ ವರದಿ, ಒಂದು ಕ್ಯಾಲ್ಕುಲೇಟರ್, ಒಂದೆರಡು ಗಂಟೆಯ ತಾಳ್ಮೆ. ವರದಿಗಳೆಲ್ಲ ಉಚಿತವಾಗಿ ಸಿಗುತ್ತವೆ. ಕೆನಡಾದ ಕಂಪನಿಗಳದ್ದು ‘ಸೆಡಾರ್ ಪ್ಲಸ್’ ಎಂಬ, ಷೇರುಪೇಟೆ ನಿಯಂತ್ರಕರ ಜಾಲತಾಣದಲ್ಲಿ, ಅಮೆರಿಕದ್ದು ‘ಎಡ್ಗರ್’ನಲ್ಲಿ, ಆಸ್ಟ್ರೇಲಿಯಾದ್ದು ಅಲ್ಲಿನ ಷೇರು ವಿನಿಮಯ ಕೇಂದ್ರವಾದ ಎಎಸ್‌ಎಕ್ಸ್‌ನ ಪ್ರಕಟಣೆಗಳ ಪುಟದಲ್ಲಿ. ಕಂಪನಿಯ ಬಣ್ಣಬಣ್ಣದ ಪ್ರೆಸೆಂಟೇಶನ್ ಬಿಟ್ಟು ಇವುಗಳನ್ನೇ ಓದಿ. ಇನ್ನೂರು ಮುನ್ನೂರು ಪುಟಗಳಿರುತ್ತವೆ, ಹೆದರಬೇಡಿ. ಆರಂಭದ ಸಾರಾಂಶ, ಅಂದಾಜಿನ ಕೋಷ್ಟಕ, ಆ ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಗಳು, ಕೊನೆಯ ಸಹಿಗಳು, ಇಷ್ಟು ಸಾಕು.

ಹಂತ 1: ಯಾವ ದೇಶದ ನಿಯಮದಡಿ ಬರೆದದ್ದು ಎಂದು ಗುರುತಿಸಿ

ಪ್ರಕಟಣೆಯಲ್ಲಿ ಮೊದಲು ಹುಡುಕಬೇಕಾದದ್ದು ನಿಯಮದ ಹೆಸರು. ಸಾಮಾನ್ಯವಾಗಿ ಮೂರರಲ್ಲೊಂದು ಇರುತ್ತದೆ.

ಆಸ್ಟ್ರೇಲಿಯಾದ ನಿಯಮ ‘ಜೋರ್ಕ್ ಸಂಹಿತೆ’. 1969ರಲ್ಲಿ ಪೊಸೈಡನ್ ಎಂಬ ಕಂಪನಿಗೆ ಪಶ್ಚಿಮ ಆಸ್ಟ್ರೇಲಿಯಾದ ವಿಂಡಾರಾದಲ್ಲಿ ನಿಕಲ್ ಸಿಕ್ಕಿತೆಂಬ ಸುದ್ದಿ ಹಬ್ಬಿ, 80 ಸೆಂಟ್ ಆಸುಪಾಸಿನಲ್ಲಿದ್ದ ಷೇರು 1970ರ ಫೆಬ್ರುವರಿಯ ಹೊತ್ತಿಗೆ 280 ಡಾಲರ್ ಮುಟ್ಟಿತು. ಆಮೇಲೆ ಕುಸಿಯಿತು. ಆ ಹುಚ್ಚು ಇಳಿದ ಮೇಲೆ, 1971ರಲ್ಲಿ ಒಂದು ಸಮಿತಿ ಕೂತಿತು. ಅದರ ಸಂಹಿತೆಯ ಮೊದಲ ಆವೃತ್ತಿ ಬಂದದ್ದು 1989ರಲ್ಲಿ. ಎಎಸ್‌ಎಕ್ಸ್ ಅದನ್ನು ತನ್ನ ಲಿಸ್ಟಿಂಗ್ ನಿಯಮಗಳಿಗೇ ಸೇರಿಸಿಕೊಂಡಿದೆ. ನೀವು ಓದುವ ಹೆಚ್ಚಿನ ವರದಿಗಳು 2012ರ ಆವೃತ್ತಿಯವು.

ಕೆನಡಾದ್ದು ‘ಎನ್‌ಐ 43-101’. ಇದರ ಹಿಂದಿರುವುದು ಬ್ರೆ-ಎಕ್ಸ್ ಹಗರಣ. ಕ್ಯಾಲ್ಗರಿಯ ಈ ಕಂಪನಿ ಇಂಡೊನೇಷ್ಯಾದ ಬುಸಾಂಗ್ ಎಂಬಲ್ಲಿ 7 ಕೋಟಿ ಔನ್ಸ್ ಚಿನ್ನ ಇದೆಯೆಂದು ಲೆಕ್ಕ ಕೊಟ್ಟಿತು. ಷೇರುಗಳ ಒಟ್ಟು ಮೌಲ್ಯ ಸುಮಾರು 600 ಕೋಟಿ ಕೆನಡಾ ಡಾಲರ್‌ಗೆ ಏರಿತು. 1997ರ ಮಾರ್ಚಿನಲ್ಲಿ ಪಾಲುದಾರನಾಗಲು ಹೊರಟಿದ್ದ ಫ್ರೀಪೋರ್ಟ್ ಕಂಪನಿ ತಾನೇ ಕೊರೆದು ನೋಡಿದಾಗ ಹೇಳಿಕೊಳ್ಳುವಷ್ಟು ಚಿನ್ನ ಸಿಗಲಿಲ್ಲ. ಮೇ ತಿಂಗಳಲ್ಲಿ ಸ್ಟ್ರಾತ್‌ಕೋನಾ ಎಂಬ ಸ್ವತಂತ್ರ ಸಂಸ್ಥೆ, ಮಾದರಿಗಳಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತು ಎಂದು ವರದಿ ಕೊಟ್ಟಿತು. ಎನ್‌ಐ 43-101 ಜಾರಿಗೆ ಬಂದದ್ದು 2001ರ ಫೆಬ್ರುವರಿ 1ರಂದು. ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ್ದು ಅದೇ ತಿಂಗಳ 28ರಂದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದರೆ ಆ ತಿಂಗಳು ನೆನಪಿನಲ್ಲಿಟ್ಟುಕೊಳ್ಳಲು ನನಗೆ ಇದೇ ಉಪಾಯ.

ಅಮೆರಿಕದ್ದು ‘ಎಸ್-ಕೆ 1300’. ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಇದನ್ನು ಅಂಗೀಕರಿಸಿದ್ದು 2018ರ ಅಕ್ಟೋಬರ್‌ನಲ್ಲಿ. 2021ರ ಜನವರಿ 1ರ ನಂತರ ಆರಂಭವಾದ ಹಣಕಾಸು ವರ್ಷಗಳಿಗೆ ಅದು ಕಡ್ಡಾಯವಾಯಿತು. ಅದಕ್ಕೂ ಮೊದಲಿದ್ದ ‘ಇಂಡಸ್ಟ್ರಿ ಗೈಡ್ 7’ ಬಲು ಬಿಗಿ. ರಿಸರ್ವ್ ಮಾತ್ರ ಹೇಳಿ, ರಿಸೋರ್ಸ್ ಹೇಳಲೇಬೇಡಿ ಎಂಬುದು ಅದರ ನಿಲುವು. ವಿದೇಶಿ ಕಾನೂನು ಹೇಳಲೇಬೇಕೆಂದು ಒತ್ತಾಯಿಸಿದಾಗ ಮಾತ್ರ ವಿನಾಯಿತಿ. ಹೀಗಾಗಿ 2021ಕ್ಕಿಂತ ಹಿಂದಿನ ಕಾಗದಗಳಲ್ಲಿ ಒಂದೇ ಗಣಿ ಟೊರಾಂಟೊದಲ್ಲಿ ಭಾರಿ ಸಿರಿವಂತನಂತೆಯೂ ನ್ಯೂಯಾರ್ಕ್‌ನಲ್ಲಿ ಬಡವನಂತೆಯೂ ಕಾಣಿಸುತ್ತಿತ್ತು. ಹಳೆಯ ಅಮೆರಿಕನ್ ವರದಿಯನ್ನು ಹೊಸದರ ಪಕ್ಕ ಇಟ್ಟು “ಒಂದೇ ವರ್ಷದಲ್ಲಿ ಇಷ್ಟೊಂದು ಖನಿಜ ಸೇರಿತು!” ಎಂದು ಸಂಭ್ರಮಿಸುವವರನ್ನು ನೋಡಿದ್ದೇನೆ. ನೆಲದಡಿ ಏನೂ ಸೇರಿರಲಿಲ್ಲ. ಹೇಳಲು ಅನುಮತಿ ಸಿಕ್ಕಿತ್ತು ಅಷ್ಟೆ.

ಈ ಮೂರೂ ನಿಯಮಗಳ ಮೂಲ ವ್ಯಾಖ್ಯೆಗಳು ಈಗ ಹೆಚ್ಚುಕಡಿಮೆ ಒಂದೇ. ‘ಕ್ರಿರ್ಸ್ಕೋ’ ಎಂಬ ಅಂತರರಾಷ್ಟ್ರೀಯ ಸಮಿತಿಯ ಮಾದರಿಗೆ ಎಲ್ಲವೂ ಹತ್ತಿರ ಬಂದಿವೆ. ವ್ಯತ್ಯಾಸಗಳಿರುವುದು ವಿವರಗಳಲ್ಲಿ. ಮುಂದೆ ಬರುತ್ತವೆ.

ಪ್ರಕಟಣೆಯಲ್ಲಿ ಯಾವ ನಿಯಮದ ಹೆಸರೂ ಇಲ್ಲವೇ? ಅಲ್ಲಿಗೇ ಓದು ನಿಲ್ಲಿಸಿ.

ಹಂತ 2: ಸಂಖ್ಯೆ ಏಣಿಯ ಯಾವ ಮೆಟ್ಟಿಲಲ್ಲಿದೆ ನೋಡಿ

ಇದೊಂದನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದ ಹಂತಗಳು ಹಗುರ.

ಮಲೆನಾಡಿನಲ್ಲಿ ಅಡಿಕೆ ತೋಟ ಚೇಣಿಗೆ ಕೊಡುವುದನ್ನು ನೋಡಿದವರಿಗೆ ವಿವರಿಸುವುದು ಸುಲಭ. ಚೇಣಿ ಹಿಡಿಯುವವನು ಮರದ ತುದಿ ನೋಡುತ್ತ ತೋಟ ಸುತ್ತಿ, ಇಷ್ಟು ಕ್ವಿಂಟಲ್ ಆದೀತು ಎಂದು ಅಂದಾಜು ಮಾಡುತ್ತಾನೆ. ಮರದಲ್ಲಿ ತೂಗುತ್ತಿರುವ ಆ ಫಸಲಿನ ಅಂದಾಜು ‘ರಿಸೋರ್ಸ್’. ಕೊಳೆ ರೋಗಕ್ಕೆ ಉದುರುವುದು ಹೋಗಿ, ಅಡಿಕೆಗೊನೆ ತೆಗೆಯುವ ಕೂಲಿ, ಸುಲಿಯುವ ಕೂಲಿ, ಬೇಯಿಸಿ ಒಣಗಿಸುವ ಖರ್ಚು, ಮಂಡಿಯ ಧಾರಣೆ ಎಲ್ಲವನ್ನೂ ಲೆಕ್ಕ ಹಾಕಿದ ಮೇಲೂ ಲಾಭಕ್ಕೆ ಚೀಲ ತುಂಬುವುದು ಎಷ್ಟೋ ಅಷ್ಟು ‘ರಿಸರ್ವ್’.

ರಿಸೋರ್ಸ್‌ನಲ್ಲಿ ಮೂರು ಮೆಟ್ಟಿಲು. ಕೆಳಗಿನದು ‘ಇನ್ಫರ್ಡ್’: ದೂರ ದೂರ ಕೊರೆದ ಕೆಲವೇ ರಂಧ್ರಗಳಿಂದ ಊಹಿಸಿದ್ದು. ನಡುವಿನದು ‘ಇಂಡಿಕೇಟೆಡ್’: ಗಣಿಯ ಯೋಜನೆ ಹಾಕುವಷ್ಟು ನಂಬಬಹುದಾದದ್ದು. ಮೇಲಿನದು ‘ಮೆಷರ್ಡ್’: ಹತ್ತಿರ ಹತ್ತಿರ ಕೊರೆದು ಖಚಿತಪಡಿಸಿಕೊಂಡದ್ದು. ರಿಸರ್ವ್‌ನಲ್ಲಿ ಎರಡು: ‘ಪ್ರಾಬಬಲ್’ ಮತ್ತು ಅದಕ್ಕಿಂತ ಗಟ್ಟಿಯಾದ ‘ಪ್ರೂವನ್’. ಆಸ್ಟ್ರೇಲಿಯಾದವರು ಇದನ್ನು ‘ಪ್ರೂವ್ಡ್’ ಎನ್ನುತ್ತಾರೆ.

ರಿಸೋರ್ಸ್‌ನಿಂದ ರಿಸರ್ವ್‌ಗೆ ದಾಟಲು ‘ಮಾಡಿಫೈಯಿಂಗ್ ಫ್ಯಾಕ್ಟರ್ಸ್’ ಎಂಬ ಸುಂಕದಕಟ್ಟೆ ಇದೆ. ತೆಗೆಯುವ ವಿಧಾನ, ಸಂಸ್ಕರಣೆ, ಮಾರುಕಟ್ಟೆ, ಪರಿಸರ ಅನುಮತಿ, ಭೂಮಿಯ ಹಕ್ಕು, ಸ್ಥಳೀಯರ ಒಪ್ಪಿಗೆ, ಸರ್ಕಾರದ ನೀತಿ, ಎಲ್ಲವನ್ನೂ ಕನಿಷ್ಠ ‘ಪ್ರೀ-ಫೀಸಿಬಿಲಿಟಿ’ ಅಧ್ಯಯನದ, ಅಂದರೆ ಗಣಿ ಲಾಭ ತಂದೀತೇ ಎಂದು ನೋಡುವ ನಡುಮಟ್ಟದ ಅಧ್ಯಯನದ (ನಾಲ್ಕನೆಯ ಹಂತ ನೋಡಿ) ಮಟ್ಟದಲ್ಲಿ ಪರಿಶೀಲಿಸಿರಬೇಕು. ಈ ಕಟ್ಟೆಯನ್ನು ಇಂಡಿಕೇಟೆಡ್ ಮತ್ತು ಮೆಷರ್ಡ್ ಮಾತ್ರ ದಾಟಬಲ್ಲವು. ಇನ್ಫರ್ಡ್‌ಗೆ ಪ್ರವೇಶವೇ ಇಲ್ಲ. ಮೂರೂ ದೇಶಗಳಲ್ಲಿ ಹೀಗೆಯೇ.

ದಾಟಿದ್ದು ಹಿಂದಕ್ಕೂ ಬೀಳಬಹುದು. ಕೋಲಾರದಲ್ಲಿ ನೆಲದಡಿ ಚಿನ್ನವೇ ಮುಗಿದುಹೋದದ್ದಲ್ಲ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತು. ಬೆಲೆ ಇಳಿದಾಗ, ಖರ್ಚು ಏರಿದಾಗ, ಅನುಮತಿ ರದ್ದಾದಾಗ ರಿಸರ್ವ್ ಎಂಬುದು ಮತ್ತೆ ಬರಿಯ ರಿಸೋರ್ಸ್ ಆಗುತ್ತದೆ. ಒಂದು ಹಿಡಿ ಕಲ್ಲೂ ಅಲುಗಿರುವುದಿಲ್ಲ.

ಎಚ್ಚರಿಕೆ: ಕೆನಡಾದ ನಿಯಮ ಇನ್ಫರ್ಡ್ ಮೊತ್ತವನ್ನು ಉಳಿದವುಗಳೊಂದಿಗೆ ಕೂಡುವುದನ್ನು ನಿಷೇಧಿಸುತ್ತದೆ. ಜೋರ್ಕ್ ಹಾಗಲ್ಲ. ಪ್ರತಿ ವರ್ಗದ ವಿವರ ಪಕ್ಕದಲ್ಲಿ ಕೊಟ್ಟರೆ ಒಟ್ಟು ಮೊತ್ತ ಹೇಳಬಹುದು. ಆದ್ದರಿಂದ ಆಸ್ಟ್ರೇಲಿಯಾದ ಪ್ರಕಟಣೆಯ ಶೀರ್ಷಿಕೆಯಲ್ಲಿ ದೊಡ್ಡ ಸಂಖ್ಯೆ ಕಂಡಾಗ ಕೋಷ್ಟಕಕ್ಕೆ ಇಳಿದು, ಅದರಲ್ಲಿ ಇನ್ಫರ್ಡ್ ಪಾಲು ಎಷ್ಟು ನೋಡಿ. ಮುಕ್ಕಾಲು ಪಾಲು ಅದೇ ಆಗಿರುವುದು ಅಪರೂಪವೇನಲ್ಲ.

ಹಂತ 3: ಗುಣಾಕಾರ ನೀವೇ ಮಾಡಿ

ಟನ್ ಅದಿರು ಬೇರೆ, ಟನ್ ಲೋಹ ಬೇರೆ. ಎಂಥವರೂ ಎಡವುವುದು ಇಲ್ಲೇ.

2020ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್‌ಗೂ ಹೆಚ್ಚು ಚಿನ್ನ ಪತ್ತೆಯಾಗಿದೆ ಎಂದು ದೇಶವೆಲ್ಲ ಕುಣಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೊನೆಗೆ ಸ್ಪಷ್ಟನೆ ಕೊಟ್ಟಿತು: ಅಂದಾಜಿಸಿದ್ದು 52,806.25 ಟನ್ ಅದಿರು, ಸರಾಸರಿ ಲೋಹಾಂಶ ಟನ್ನಿಗೆ 3.03 ಗ್ರಾಂ. ಗುಣಿಸಿ ನೋಡಿ. 160 ಕಿಲೋ ಬರುತ್ತದೆ. ಒಂದು ಕಾರಿನ ಡಿಕ್ಕಿಯಲ್ಲಿ ಹಿಡಿಸುವಷ್ಟು.

ಸೂತ್ರ ಇಷ್ಟೇ. ಅದಿರಿನ ಟನ್ ಗುಣಿಸು ಗ್ರೇಡ್. ಗ್ರೇಡ್ ಎಂದರೆ ಅದಿರಿನಲ್ಲಿರುವ ಲೋಹಾಂಶ. ಚಿನ್ನಕ್ಕೆ ಅದು ಟನ್ನಿಗೆ ಇಷ್ಟು ಗ್ರಾಂ ಎಂದಿರುತ್ತದೆ. ಪಿಪಿಎಂ ಎಂದಿದ್ದರೂ ಅದೇ ಅರ್ಥ. 10,000 ಪಿಪಿಎಂ ಅಂದರೆ ಶೇಕಡಾ 1. ಬಂದ ಗ್ರಾಂಗಳನ್ನು 31.1ರಿಂದ ಭಾಗಿಸಿದರೆ ಔನ್ಸ್. ಹತ್ತು ಲಕ್ಷ ಔನ್ಸ್ ಎಂದರೆ 31 ಟನ್ ಚಿಲ್ಲರೆ. ನೀವು ಗುಣಿಸಿದ್ದು ಕೋಷ್ಟಕದ ಮೊತ್ತಕ್ಕೆ ತಾಳೆಯಾಗಬೇಕು, ಅಂಕಿ ಸರಿಹೊಂದಿಸಿದ ಸಣ್ಣ ವ್ಯತ್ಯಾಸ ಬಿಟ್ಟು.

ಲಿಥಿಯಂನಲ್ಲಿ ಇನ್ನೊಂದು ಸುಳಿ ಇದೆ. ಲೋಹ, ಲಿಥಿಯಂ ಆಕ್ಸೈಡ್, ಮತ್ತು ‘ಎಲ್‌ಸಿಇ’ ಎಂದು ಕರೆಯುವ ಕಾರ್ಬೊನೇಟ್ ಸಮಾನ, ಈ ಮೂರರಲ್ಲಿ ಯಾವುದರಲ್ಲಾದರೂ ಲೆಕ್ಕ ಕೊಡಬಹುದು. ಒಂದು ಟನ್ ಲೋಹ ಸುಮಾರು 2.15 ಟನ್ ಆಕ್ಸೈಡ್‌ಗೆ, ಸುಮಾರು 5.3 ಟನ್ ಎಲ್‌ಸಿಇಗೆ ಸಮ. ಯಾವ ರೂಪದಲ್ಲಿ ಹೇಳಿದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಎಂದು ಕಂಪನಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮಂಡ್ಯದ ಉದಾಹರಣೆ ನೋಡಿ. ಸೋನ್‌ಭದ್ರದ ಗದ್ದಲದ ತಿಂಗಳಲ್ಲೇ ಮಂಡ್ಯದಲ್ಲಿ 14,100 ಟನ್ ಲಿಥಿಯಂ ಎಂಬ ಸುದ್ದಿಯೂ ಬಂತು. ಅದು ಲಭ್ಯ ಮಾಹಿತಿಯಿಂದ ವಿದ್ವಾಂಸರು ಹಾಕಿದ ಒಂದು ಅಂದಾಜು, ಅದೂ ಆಕ್ಸೈಡ್ ಲೆಕ್ಕದಿಂದ ಲೋಹಕ್ಕೆ ಇಳಿಸಿದ್ದು. ಮುಂದಿನ ವರ್ಷ ಕೇಂದ್ರ ಸರ್ಕಾರ ಪ್ರಕಟಿಸಿದ, ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ ಮರಳಗಾಲ–ಅಲ್ಲಾಪಟ್ಟಣ ಪ್ರದೇಶಕ್ಕೆ 1,600 ಟನ್. ಅದೂ ಇನ್ಫರ್ಡ್ ವರ್ಗದಲ್ಲಿ. ಇಲ್ಲಿ ಯಾವ ಲಿಸ್ಟೆಡ್ ಕಂಪನಿಯೂ ಇರಲಿಲ್ಲವಾದ್ದರಿಂದ ಯಾವ ಷೇರುಪೇಟೆಯ ನಿಯಮವೂ ಅನ್ವಯಿಸುತ್ತಿರಲಿಲ್ಲ. ಸುದ್ದಿಯಲ್ಲಿ ಮೊದಲ ಸಂಖ್ಯೆ ಓಡಾಡಿದಷ್ಟು ಎರಡನೆಯದು ಓಡಾಡಲೂ ಇಲ್ಲ.

ಎಚ್ಚರಿಕೆ: ಬಂದ ಮೊತ್ತವನ್ನು ಇಂದಿನ ಚಿನ್ನದ ಬೆಲೆಯಿಂದ ಗುಣಿಸಿ “ಕಂಪನಿಯ ಆಸ್ತಿ ಇಷ್ಟು” ಎನ್ನಬೇಡಿ. ನೆಲದಡಿಯ ಲೋಹಕ್ಕೆ ಹೀಗೆ ಬೆಲೆ ಕಟ್ಟಿ ಪ್ರಕಟಿಸುವುದನ್ನು ಎನ್‌ಐ 43-101 ನಿಷೇಧಿಸುತ್ತದೆ. ಜೋರ್ಕ್ ಕೂಡ ಒಪ್ಪುವುದಿಲ್ಲ. ಕಂಪನಿ ಹೇಳುವಂತಿಲ್ಲದ ಈ ಮಾತನ್ನು ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳು ಬಾಯಿ ತುಂಬ ಹೇಳುತ್ತವೆ.

ಹಂತ 4: ಅಧ್ಯಯನ ಯಾವ ಮಟ್ಟದ್ದು?

ಗಣಿಯ ಲಾಭದ ಲೆಕ್ಕ ಮೂರು ಮಟ್ಟದಲ್ಲಿ ಬರುತ್ತದೆ. ಮೊದಲನೆಯದನ್ನು ಕೆನಡಾದಲ್ಲಿ ‘ಪಿಇಎ’ ಎಂದೂ ಆಸ್ಟ್ರೇಲಿಯಾದಲ್ಲಿ ‘ಸ್ಕೋಪಿಂಗ್ ಸ್ಟಡಿ’ ಎಂದೂ ಕರೆಯುತ್ತಾರೆ. ನಂತರ ಪ್ರೀ-ಫೀಸಿಬಿಲಿಟಿ, ಕೊನೆಗೆ ಫೀಸಿಬಿಲಿಟಿ. ಮೊದಲ ಮಟ್ಟದಲ್ಲಿ ಇನ್ಫರ್ಡ್ ರಿಸೋರ್ಸ್ ಸೇರಿಸಿಯೂ ಲಾಭ ಎಣಿಸಬಹುದು. ಆದರೆ ಕೆನಡಾದಲ್ಲಿ ಅದರ ಜೊತೆಗೆ, ಆರ್ಥಿಕ ಲೆಕ್ಕಕ್ಕೆ ತಾಳಲಾರದಷ್ಟು ಊಹೆಯ ಭಾಗ ಇದರಲ್ಲಿ ಸೇರಿದೆ, ಈ ಲೆಕ್ಕ ನಿಜವಾಗುವ ಖಾತರಿ ಇಲ್ಲ ಎಂಬ ಅರ್ಥದ ಎಚ್ಚರಿಕೆ ಹಾಕಲೇಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಹುದು, ಆದರೆ ಕೂಸು ಇನ್ನೂ ಹುಟ್ಟಿಲ್ಲ ಎಂದು ಕುಲಾವಿಯ ಮೇಲೆ ಬರೆದಿರಬೇಕು.

ಈ ಎಚ್ಚರಿಕೆಯನ್ನು ಔಪಚಾರಿಕ ಸಾಲು ಎಂದುಕೊಂಡು ದಾಟಿಹೋದವರು ಒಂಟಾರಿಯೊದ ರೆಡ್ ಲೇಕ್ ಪ್ರದೇಶದ ಫೀನಿಕ್ಸ್ ಯೋಜನೆಯಲ್ಲಿ ಕೈ ಸುಟ್ಟುಕೊಂಡರು. ರುಬಿಕಾನ್ ಎಂಬ ಕಂಪನಿಯ 2013ರ ಲೆಕ್ಕದಲ್ಲಿ ಸುಮಾರು 11 ಲಕ್ಷ ಔನ್ಸ್ ಇಂಡಿಕೇಟೆಡ್, 22 ಲಕ್ಷ ಔನ್ಸ್ ಇನ್ಫರ್ಡ್ ಇತ್ತು. ರಿಸರ್ವ್ ಒಂದು ಔನ್ಸೂ ಇರಲಿಲ್ಲ. ಪಿಇಎ ಆಧಾರದ ಮೇಲೆಯೇ ಗಣಿ ಕಟ್ಟಿದರು. 2015ರಲ್ಲಿ ಕೆಲಸ ಆರಂಭಿಸಿ ಅದೇ ವರ್ಷ ನಿಲ್ಲಿಸಿದರು. 2016ರ ಜನವರಿಯ ಹೊಸ ಲೆಕ್ಕದಲ್ಲಿ ಎರಡೂ ವರ್ಗ ಸೇರಿ ಉಳಿದದ್ದು ಸುಮಾರು 4 ಲಕ್ಷ ಔನ್ಸ್. ಇಲ್ಲಿ ಯಾರೂ ಬ್ರೆ-ಎಕ್ಸ್‌ನಂತೆ ಮಾದರಿಗೆ ಚಿನ್ನ ಬೆರೆಸಿರಲಿಲ್ಲ. ಇನ್ಫರ್ಡ್ ಎಂದು ಕಾಗದದಲ್ಲೇ ಬರೆದಿತ್ತು. ರಿಸರ್ವ್ ಇಲ್ಲದೆ ಗಣಿ ಕಟ್ಟಬಾರದು ಎಂದು ಷೇರುಪೇಟೆಯ ಕಾನೂನು ಹೇಳುವುದಿಲ್ಲ. ಕಟ್ಟುವಾಗ ರಿಸರ್ವ್ ಇಲ್ಲ ಎಂಬುದನ್ನು ಮುಚ್ಚಿಡಬಾರದು ಎಂದಷ್ಟೇ ಹೇಳುತ್ತದೆ. ಓದುವ ಹೊಣೆ ನಮ್ಮದು.

ಹಂತ 5: ಕೋಷ್ಟಕದ ಕೆಳಗಿನ ಟಿಪ್ಪಣಿಗಳನ್ನು ಒಂದೊಂದಾಗಿ ಓದಿ

ನನ್ನನ್ನು ಕೇಳಿದರೆ ಇಡೀ ವರದಿಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದು. ಒಂದು ಹಾಳೆಯಲ್ಲಿ ಈ ಐದು ಸಂಗತಿ ಬರೆದುಕೊಳ್ಳಿ.

ಬೆಲೆ: ಲೋಹದ ಯಾವ ಬೆಲೆ ಹಿಡಿದು ಲೆಕ್ಕ ಮಾಡಿದ್ದಾರೆ? ಇಂದಿನ ಮಾರುಕಟ್ಟೆಗಿಂತ ಸಾಕಷ್ಟು ಕಡಿಮೆ ಹಿಡಿದಿದ್ದರೆ ನೆಮ್ಮದಿ. ಹೆಚ್ಚು ಹಿಡಿದಿದ್ದರೆ ಕಾರಣ ಹುಡುಕಿ. ಹಳೆಯ ಅಮೆರಿಕನ್ ಪದ್ಧತಿಯಲ್ಲಿ ಹಿಂದಿನ ಮೂರು ವರ್ಷಗಳ ಸರಾಸರಿ ಬಳಸುವುದು ವಾಡಿಕೆಯಾಗಿತ್ತು. ಈಗಿನ ಎಸ್-ಕೆ 1300 ಬೆಲೆಯನ್ನು ತಜ್ಞರ ವಿವೇಚನೆಗೆ ಬಿಟ್ಟು, ಸಮರ್ಥನೆ ಕೇಳುತ್ತದೆ.

ಕಟ್-ಆಫ್ ಗ್ರೇಡ್: ಇದಕ್ಕಿಂತ ಕಡಿಮೆ ಲೋಹಾಂಶವಿರುವ ಕಲ್ಲನ್ನು ಅದಿರೆಂದು ಎಣಿಸುವುದಿಲ್ಲ ಎಂಬ ಗೆರೆ. ಗೆರೆ ಇಳಿಸಿದರೆ ಟನ್ ಏರುತ್ತದೆ, ಸರಾಸರಿ ಗ್ರೇಡ್ ಬೀಳುತ್ತದೆ. ಒಂದು ರಂಧ್ರವನ್ನೂ ಹೊಸದಾಗಿ ಕೊರೆಯದೆ “ರಿಸೋರ್ಸ್ ಶೇಕಡಾ 40 ಹೆಚ್ಚಳ” ಎಂಬ ಶೀರ್ಷಿಕೆ ಹುಟ್ಟುವುದು ಬಹುಪಾಲು ಇಲ್ಲಿಂದ. ಹಿಂದಿನ ವರದಿಯ ಕಟ್-ಆಫ್ ಪಕ್ಕದಲ್ಲಿಟ್ಟು ನೋಡಿ.

ರಿಕವರಿ: ಅದಿರಿನಲ್ಲಿರುವ ಲೋಹದಲ್ಲಿ ಸಂಸ್ಕರಣೆಯ ನಂತರ ಕೈಗೆ ಬರುವ ಪಾಲು. ರಿಸೋರ್ಸ್ ಕೋಷ್ಟಕದ ಔನ್ಸ್‌ಗಳಲ್ಲಿ ಸಾಮಾನ್ಯವಾಗಿ ಈ ನಷ್ಟ ಕಳೆದಿರುವುದಿಲ್ಲ.

ಒಳಗೋ ಹೊರಗೋ: ರಿಸೋರ್ಸ್ ಮೊತ್ತದಲ್ಲಿ ರಿಸರ್ವ್ ಸೇರಿದೆಯೇ? ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಹೇಗೂ ಇರಬಹುದು, ಯಾವುದೆಂದು ಹೇಳಿದರಾಯಿತು. ಅಮೆರಿಕದ ನಿಯಮ ರಿಸರ್ವ್ ಕಳೆದು ಉಳಿದ ರಿಸೋರ್ಸ್ ಹೇಳಲೇಬೇಕು ಎನ್ನುತ್ತದೆ. ಸೇರಿದೆ ಎಂದಿರುವಾಗ ಎರಡನ್ನೂ ಕೂಡಿದರೆ ಒಂದೇ ಚಿನ್ನವನ್ನು ಎರಡು ಸಲ ಎಣಿಸಿದಂತೆ. ನಾನು ಕಂಡಂತೆ ಓದುಗರು ಅತಿ ಹೆಚ್ಚು ಬಾರಿ ಮಾಡುವ ತಪ್ಪು ಇದು.

ದಿನಾಂಕ ಮತ್ತು ಪಾಲು: ಅಂದಾಜು ಯಾವ ದಿನಕ್ಕೆ ಅನ್ವಯ? ಆಮೇಲೆ ಎಷ್ಟು ಅಗೆದಿದ್ದಾರೆ? ಗಣಿಯಲ್ಲಿ ಕಂಪನಿಯ ಪಾಲು ಶೇಕಡಾ 40 ಮಾತ್ರವಾಗಿದ್ದು ಮೊತ್ತ ಪೂರ್ತಿ ಗಣಿಯದ್ದಾಗಿದೆಯೇ?

ಹಂತ 6: ಸಹಿ ಯಾರದು?

ಈ ನಿಯಮಗಳ ಜೀವಾಳ ಒಬ್ಬ ಮನುಷ್ಯನ ಹೆಸರು. ಕೆನಡಾ, ಅಮೆರಿಕಗಳಲ್ಲಿ ‘ಕ್ವಾಲಿಫೈಡ್ ಪರ್ಸನ್’, ಆಸ್ಟ್ರೇಲಿಯಾದಲ್ಲಿ ‘ಕಾಂಪಿಟೆಂಟ್ ಪರ್ಸನ್’. ಮಾನ್ಯ ವೃತ್ತಿಸಂಘದ ಸದಸ್ಯತ್ವ, ಕನಿಷ್ಠ ಐದು ವರ್ಷದ ಅನುಭವ ಬೇಕು. ಜೋರ್ಕ್ ಮತ್ತು ಎಸ್-ಕೆ 1300 ಆ ಐದು ವರ್ಷ ಅದೇ ಬಗೆಯ ಖನಿಜದಲ್ಲಿ, ಅದೇ ಬಗೆಯ ಕೆಲಸದಲ್ಲಿ ಕಳೆದದ್ದಾಗಿರಬೇಕು ಎನ್ನುತ್ತವೆ. ಕಬ್ಬಿಣದಲ್ಲಿ ಮೂವತ್ತು ವರ್ಷ ದುಡಿದವರು ಲಿಥಿಯಂ ಲೆಕ್ಕಕ್ಕೆ ಸಹಿ ಮಾಡಿದ್ದರೆ ಪ್ರಶ್ನಿಸಬೇಕು. ತಪ್ಪಾದರೆ ಅವರ ವೃತ್ತಿಸಂಘ ಅವರನ್ನು ವಿಚಾರಣೆಗೆ ಕರೆಯಬಹುದು.

ಎರಡು ವಿಷಯ ಹುಡುಕಿ. ಒಂದು, ಸಹಿ ಮಾಡಿದವರು ಕಂಪನಿಯ ನೌಕರರೇ, ಸ್ವತಂತ್ರರೇ? ಕೆನಡಾದಲ್ಲಿ ಮೊದಲ ಬಾರಿ ಮಹತ್ವದ ರಿಸೋರ್ಸ್ ಪ್ರಕಟಿಸುವಾಗ, ಅಥವಾ ಮೊತ್ತ ದುಪ್ಪಟ್ಟಾದಾಗ ಸ್ವತಂತ್ರ ತಜ್ಞರು ಬೇಕು. ಈಗಾಗಲೇ ಉತ್ಪಾದನೆಯಲ್ಲಿರುವ ದೊಡ್ಡ ಕಂಪನಿಗಳಿಗೆ ವಿನಾಯಿತಿ ಇದೆ. ಜೋರ್ಕ್ ಮತ್ತು ಅಮೆರಿಕದ ನಿಯಮ ನೌಕರರ ಸಹಿಯನ್ನೂ ಒಪ್ಪುತ್ತವೆ, ಸಂಬಂಧ ಬಹಿರಂಗಪಡಿಸಿದರೆ ಸಾಕು. ಎರಡು, ಅವರು ಸ್ಥಳಕ್ಕೆ ಹೋಗಿದ್ದರೇ? ಯಾವಾಗ, ಎಷ್ಟು ದಿನ?

ನಂತರ ಮಾದರಿಗಳ ಬಗ್ಗೆ ಬರೆದ ಅಧ್ಯಾಯ ತೆರೆಯಿರಿ. ಕೊರೆದಾಗ ಮೇಲೆ ಬರುವ ಕಲ್ಲಿನ ಉದ್ದನೆಯ ಕಂಬಕ್ಕೆ ‘ಕೋರ್’ ಎನ್ನುತ್ತಾರೆ. ಅದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸಿ ಅರ್ಧ ಉಳಿಸಿಕೊಳ್ಳುವುದು ರೂಢಿ, ಮುಂದೆ ಯಾರಾದರೂ ಮರುಪರೀಕ್ಷೆ ಮಾಡಲೆಂದು. ಬ್ರೆ-ಎಕ್ಸ್ ಬಹುಪಾಲು ಕೋರ್ ಅನ್ನು ಇಡಿಯಾಗಿ ಪುಡಿ ಮಾಡಿತ್ತು. ಮರುಪರೀಕ್ಷೆಗೆ ಏನೂ ಉಳಿದಿರಲಿಲ್ಲವೆಂಬುದು ಯಾರ ಕಣ್ಣಿಗೂ ಬೀಳದ ಗುಟ್ಟೇನಾಗಿರಲಿಲ್ಲ. ಕೇಳುವವರು ಕೇಳಲಿಲ್ಲ. ಈಗಿನ ವರದಿಗಳಲ್ಲಿ ‘ಬ್ಲ್ಯಾಂಕ್’ ಅಂದರೆ ಲೋಹವಿಲ್ಲದ ಮಾದರಿ, ‘ಸ್ಟ್ಯಾಂಡರ್ಡ್’ ಅಂದರೆ ಲೋಹಾಂಶ ಮೊದಲೇ ಗೊತ್ತಿರುವ ಮಾದರಿ, ಇವುಗಳನ್ನು ನಡುನಡುವೆ ಸೇರಿಸಿ ಪ್ರಯೋಗಾಲಯವನ್ನು ಪರೀಕ್ಷಿಸಿದ ವಿವರ ಇರಬೇಕು. ಜೋರ್ಕ್‌ನಲ್ಲಿ ಇದೆಲ್ಲ ‘ಟೇಬಲ್ 1’ ಎಂಬ ಉದ್ದನೆಯ ಪಟ್ಟಿಯಲ್ಲಿ ಬರುತ್ತದೆ. ಮಾಡಿಲ್ಲದಿದ್ದರೆ ಏಕೆ ಮಾಡಿಲ್ಲ ಎಂದು ಅಲ್ಲಿ ಬರೆಯಲೇಬೇಕು. ‘ಅನ್ವಯಿಸುವುದಿಲ್ಲ’ ಎಂಬ ಉತ್ತರಗಳ ಸಾಲೇ ಇದ್ದರೆ ನನಗಂತೂ ಕಿರಿಕಿರಿ ಶುರುವಾಗುತ್ತದೆ.

ಹಾಗೆಂದು ಸಹಿ ಇದ್ದ ಮಾತ್ರಕ್ಕೆ ಸತ್ಯ ಒಂದೇ ಎಂದಲ್ಲ. ಅನ್ನ ಬೆಂದಿದೆಯೇ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ಬೆಂಕಿಯಲ್ಲಿ ಬೆಂದದ್ದು. ಚಿನ್ನ ಕೆಲವು ಕಡೆ ಕಾಳು ಕಾಳಾಗಿ, ಎಲ್ಲೆಂದರಲ್ಲಿ ಚೆದುರಿರುತ್ತದೆ. ಅಂಥಲ್ಲಿ ಒಂದು ಮಾದರಿ ಇನ್ನೊಂದಕ್ಕೆ ಹೊಂದುವುದಿಲ್ಲ, ತಜ್ಞರಲ್ಲೇ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜಾಕ್ ಗಣಿಯ ವಿಷಯದಲ್ಲಿ ಇದೇ ಆಯಿತು. 2013ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಡ್ಡ ಪ್ರಮಾಣದ ಮಾದರಿ ಪರೀಕ್ಷೆಯ ಮೇಲ್ವಿಚಾರಣೆಯಿಂದ ಸ್ಟ್ರಾತ್‌ಕೋನಾ ಹೊರನಡೆಯಿತು. ಹೌದು, ಬುಸಾಂಗ್‌ನ ಬಣ್ಣ ಬಯಲು ಮಾಡಿದ ಅದೇ ಸಂಸ್ಥೆ. ರಿಸೋರ್ಸ್ ಲೆಕ್ಕ ಮಾಡಿದ್ದ ಮತ್ತೊಂದು ಸಂಸ್ಥೆ ತನ್ನ ಅಂದಾಜಿಗೆ ಅಂಟಿಕೊಂಡಿತು. ಷೇರು ನೆಲಕಚ್ಚಿತು. ಆದರೆ ಆ ಗಣಿ 2017ರಲ್ಲಿ ಉತ್ಪಾದನೆ ಆರಂಭಿಸಿತು. ತಜ್ಞರು ರಾಜೀನಾಮೆ ಕೊಟ್ಟ ಸುದ್ದಿ ಬಂದರೆ ಮೋಸವೆಂದೇ ತೀರ್ಮಾನಿಸಬೇಡಿ. ಆದರೆ ಕಾರಣ ತಿಳಿಯುವ ಮೊದಲು ಹೊಸದಾಗಿ ಹಣ ಹಾಕಬೇಡಿ.

ಹಂತ 7: ರಿಸೋರ್ಸ್‌ಗೂ ಮೊದಲಿನ ಸುದ್ದಿಗಳನ್ನು ಬೇರೆ ಇಡಿ

“12 ಮೀಟರ್‌ನಲ್ಲಿ 20 ಗ್ರಾಂ” (ಕೊರೆದ ರಂಧ್ರದ 12 ಮೀಟರ್ ಉದ್ದಕ್ಕೆ ಟನ್ನಿಗೆ ಸರಾಸರಿ 20 ಗ್ರಾಂ) ಎಂಬ ಡ್ರಿಲ್ಲಿಂಗ್ ಫಲಿತಾಂಶ ರಿಸೋರ್ಸ್ ಅಂದಾಜು ಅಲ್ಲ. ರಂಧ್ರ ಓರೆಯಾಗಿ ಇಳಿದಿದ್ದರೆ 12 ಮೀಟರ್ ಕಂಡದ್ದು ನಿಜದಲ್ಲಿ 4 ಮೀಟರ್ ದಪ್ಪದ ಪದರವಿರಬಹುದು. ‘ಟ್ರೂ ವಿಡ್ತ್’, ಅಂದರೆ ನಿಜವಾದ ದಪ್ಪ, ಎಂಬ ಮಾತು ಇದೆಯೇ ನೋಡಿ. ಆಸ್ಟ್ರೇಲಿಯಾದ ‘ಎಕ್ಸ್‌ಪ್ಲೊರೇಶನ್ ಟಾರ್ಗೆಟ್’ ಬರಿಯ ಗುರಿ. ಅದನ್ನು ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯಾಗಿ ಮಾತ್ರ ಹೇಳಬೇಕೆಂದು ನಿಯಮವೇ ಇದೆ. ಮೇಲಿನ ತುದಿಯ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳುವುದು ನಮ್ಮ ಮನಸ್ಸಿನ ಚಾಳಿ.

ಕೆನಡಾದ ‘ಹಿಸ್ಟಾರಿಕಲ್ ಎಸ್ಟಿಮೇಟ್’ ಎಂದರೆ ಈ ಕಂಪನಿಯ ಕೈಗೆ ಗಣಿ ಬರುವ ಮೊದಲು ಬೇರೆ ಯಾರೋ ಮಾಡಿದ, ಇವರು ಇನ್ನೂ ಪರಿಶೀಲಿಸದ ಲೆಕ್ಕ. ಪರಿಶೀಲಿಸಿಲ್ಲ ಎಂದು ಅವರೇ ಬರೆದಿರುತ್ತಾರೆ. ನೀವೂ ಹಾಗೇ ಓದಿಕೊಳ್ಳಿ.

ಹಂತ 8: ಭಾರತೀಯ ಕಂಪನಿಯಾದರೆ ಬೇರೆ ಕನ್ನಡಕ ಬೇಕು

ನಮ್ಮಲ್ಲಿ ಖನಿಜದ ವರ್ಗೀಕರಣ ಬರುವುದು ಮುಖ್ಯವಾಗಿ ಗಣಿ ಕಾನೂನಿನಿಂದ. ಲಿಸ್ಟೆಡ್ ಕಂಪನಿಗಳು ಮಹತ್ವದ ಬೆಳವಣಿಗೆಗಳನ್ನು ಷೇರುಪೇಟೆಗೆ ತಿಳಿಸಬೇಕೆಂದು ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಲಿಸ್ಟಿಂಗ್ ನಿಯಮಾವಳಿಯ 30ನೇ ನಿಯಮ ಹೇಳುತ್ತದೆ. ಆದರೆ ಅದು ಎಲ್ಲ ಉದ್ಯಮಗಳಿಗೂ ಸಾಮಾನ್ಯವಾದ ನಿಯಮ. ಕೆನಡಾದ ಸಹಿ, ವರದಿ, ಎಚ್ಚರಿಕೆಯ ಸಾಲುಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಹಟ್ಟಿ ಚಿನ್ನದ ಗಣಿಯ ಬಗ್ಗೆ ಕೇಳುವವರಿಗೆ ಒಂದು ಮಾತು: ಅದು ರಾಜ್ಯ ಸರ್ಕಾರದ ಕಂಪನಿ, ಷೇರುಪೇಟೆಯಲ್ಲಿ ಇಲ್ಲ.

ನಾಗಪುರದ ಭಾರತೀಯ ಗಣಿ ಬ್ಯೂರೋ ಬಳಸುವುದು ವಿಶ್ವಸಂಸ್ಥೆಯ ‘ಯುಎನ್‌ಎಫ್‌ಸಿ’ ಪದ್ಧತಿ. ಅದರಲ್ಲಿ ಮೂರು ಅಂಕಿಯ ಸಂಕೇತ ಇರುತ್ತದೆ. ಮೊದಲ ಅಂಕಿ ಆರ್ಥಿಕ ಲಾಭ, ಎರಡನೆಯದು ಅಧ್ಯಯನದ ಮಟ್ಟ, ಮೂರನೆಯದು ಭೂವೈಜ್ಞಾನಿಕ ಖಚಿತತೆ. ಅಂಕಿ ಚಿಕ್ಕದಾದಷ್ಟೂ ನಂಬಿಕೆ ಹೆಚ್ಚು. 111 ಎಂದರೆ ಪ್ರೂವ್ಡ್ ರಿಸರ್ವ್, 121 ಮತ್ತು 122 ಪ್ರಾಬಬಲ್, 333 ಇನ್ಫರ್ಡ್, 334 ಬರಿಯ ಸ್ಥೂಲ ಸಮೀಕ್ಷೆ. ಬ್ಯೂರೋದ ಪಟ್ಟಿಯಲ್ಲಿ ‘ಉಳಿದ ರಿಸೋರ್ಸ್’ ಎಂದಿದ್ದರೆ ರಿಸರ್ವ್ ಕಳೆದದ್ದು ಎಂದರ್ಥ.

ಅನ್ವೇಷಣೆಯ ಹಂತಗಳನ್ನು ಜಿ4ರಿಂದ ಜಿ1ರವರೆಗೆ ಎಣಿಸುತ್ತಾರೆ. ಜಿ4 ತೀರಾ ಆರಂಭದ್ದು, ಜಿ1 ವಿವರವಾದದ್ದು. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿ ಜಿಲ್ಲೆಯಲ್ಲಿ 59 ಲಕ್ಷ ಟನ್ ಲಿಥಿಯಂ ಎಂಬ ಸುದ್ದಿ ಬಂದಾಗ ಅಧಿಕೃತ ಹೇಳಿಕೆಯಲ್ಲಿದ್ದ ಎರಡು ಪದಗಳು ಎಷ್ಟೋ ವರದಿಗಳಲ್ಲಿ ಕಳಚಿಬಿದ್ದವು: ‘ಇನ್ಫರ್ಡ್’ ಮತ್ತು ‘ಜಿ3’. ಟನ್ ಕೂಡ ಅದಿರಿನದು, ಲೋಹದ್ದಲ್ಲ. ಈಗ ಮೇಲಿನ ಎರಡನೆಯ, ಮೂರನೆಯ ಹಂತ ಓದಿರುವ ನಿಮಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅಗೆಯುವ ಕಂಪನಿಗಳು ಹಾಗೆಯೇ ಓದಿದವು ಅನ್ನಿಸುತ್ತದೆ. ಸಾಕಷ್ಟು ಬಿಡ್‌ದಾರರು ಬರದೆ ಅದರ ಹರಾಜನ್ನು 2024ರ ಮಾರ್ಚ್‌ನಲ್ಲಿ ರದ್ದುಪಡಿಸಬೇಕಾಯಿತು.

ಕ್ರಿರ್ಸ್ಕೋ ಮಾದರಿಗೆ ಹೊಂದುವ ಸಂಹಿತೆಯೊಂದು ನಮ್ಮ ಗಣಿ ಉದ್ಯಮದವರಿಂದಲೂ ರೂಪುಗೊಂಡಿದೆ. 2019ರಲ್ಲಿ ಭಾರತದ ಸಮಿತಿ ಕ್ರಿರ್ಸ್ಕೋ ಸದಸ್ಯತ್ವ ಪಡೆಯಿತು. ಆದ್ದರಿಂದ ಭಾರತೀಯ ಕಂಪನಿಯೊಂದು ರಿಸರ್ವ್ ಎಂದು ಬರೆದಾಗ ಒಂದೇ ಪ್ರಶ್ನೆ ಕೇಳಿ: ಇದು ಬ್ಯೂರೋ ಒಪ್ಪಿದ ಗಣಿ ಯೋಜನೆಯ ಯುಎನ್‌ಎಫ್‌ಸಿ ಲೆಕ್ಕವೇ, ಇಲ್ಲ ಜೋರ್ಕ್‌ನಂಥ ಸಂಹಿತೆಯಡಿ ಹೆಸರಿರುವ ತಜ್ಞರು ಸಹಿ ಮಾಡಿದ್ದೇ? ವಾರ್ಷಿಕ ಸಭೆಯಲ್ಲಿ ಷೇರುದಾರರು ಇದನ್ನು ಕೇಳಬಹುದು. ಒಂದೇ ಒಂದು ಷೇರು ಇದ್ದರೂ ಸಾಕು.

ಇನ್ನು ಪದೇ ಪದೇ ಬರುವ ಉಪಪ್ರಶ್ನೆ: “ಪ್ರಕಟಣೆ ಬಂದಿದೆ, ಪೂರ್ತಿ ವರದಿ ಕಾಣುತ್ತಿಲ್ಲ, ಏನು ಮಾಡಲಿ?” ಕೆನಡಾದ ಕಂಪನಿಗೆ ಪ್ರಕಟಣೆಯ ನಂತರ ವರದಿ ಸಲ್ಲಿಸಲು ಸಾಮಾನ್ಯವಾಗಿ 45 ದಿನಗಳ ಅವಕಾಶವಿದೆ. ಪ್ರಕಟಣೆಯ ದಿನಾಂಕಕ್ಕೆ 45 ಸೇರಿಸಿ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ಸೆಡಾರ್ ಪ್ಲಸ್ ತೆರೆದು, ಐದನೆಯ ಹಂತದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರಕಟಣೆಯ ಸಂಖ್ಯೆಗಳೂ ವರದಿಯ ಸಂಖ್ಯೆಗಳೂ ಒಂದೇ ಆಗಿವೆಯೇ ತಾಳೆ ನೋಡಿ.